ನಾಲ್ಕೇ ಜಿಗಿತ

೨೦೨೬ರ ಫೆಬ್ರವರಿ ೨೮, ಶನಿವಾರ, ಸಂಜೆ ನಾಲ್ಕು ಗಂಟೆ ಐವತ್ತೆರಡು ನಿಮಿಷಕ್ಕೆ, ಮಿಲ್ಪಿಟಾಸಿನ ಮನೆಯ ಸೋಫಾದ ತುದಿಯಲ್ಲಿ ಕೂತಿದ್ದ ಕೇದಾರನಿಗೆ ಟೀವಿಗಿಂತ ಕೈಯಲ್ಲಿದ್ದ ಫೋನೇ ಮುಂದಿದೆ ಎನ್ನುವುದು ಗೊತ್ತಾಯಿತು. ಟೀವಿಯಲ್ಲಿ ಮಗಳು ನಿವೇದಿತಾ ಓಟದ ಪಟ್ಟಿಯ ಆಚೆ ತುದಿಯಲ್ಲಿ ನಿಂತು ಇನ್ನೂ ತೊಡೆ ತಟ್ಟಿಕೊಳ್ಳುತ್ತಿದ್ದಳು. ಫೋನಿನಲ್ಲಿ, ಕ್ರೀಡಾಕೂಟದ ಫಲಿತಾಂಶದ ಪುಟದಲ್ಲಿ, ಆ ಜಿಗಿತದ ಅಳತೆ ಆಗಲೇ ಬಂದು ಕೂತಿತ್ತು. ಚಿತ್ರ ನೆರೆ ರಾಜ್ಯದ ಕ್ರೀಡಾಂಗಣದಿಂದ ಹೊರಟು ಎಲ್ಲೆಲ್ಲೋ ಸುತ್ತಿ ಮನೆ ಸೇರಲು ಒಂದು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತಿತ್ತು. ಅಂಕಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

ಪಕ್ಕದಲ್ಲಿ ಅವನ ತಾಯಿ ಬಂಗಾರೆವ್ವ ಎರಡೂ ಕೈ ಜೋಡಿಸಿ ಟೀವಿಯ ಕಡೆಗೆ ಹಿಡಿದಿದ್ದಳು.

"ಯಪ್ಪಾ ಬಸವಣ್ಣ, ಕೂಸಿನ ಕಾಲಾಗ ಬಲ ಕೊಡಪ್ಪ. ಇದೊಂದು ಜಿಗಿತ ನೆಟ್ಟಗಾಗ್ಲಿ."

ಆಗಿಹೋದದ್ದಕ್ಕೆ ಅವ್ವ ಬೇಡಿಕೊಳ್ಳುತ್ತಿದ್ದಾಳೆ ಎಂದು ಕೇದಾರನಿಗೆ ಅನ್ನಿಸಿತು. ಆ ಜಿಗಿತ ನೆಟ್ಟಗೇ ಆಗಿತ್ತು. ಅದು ಮೂರನೆಯದು. ಇನ್ನೊಂದು ಆದರೆ ಮುಗಿಯಿತು ಎಂದುಕೊಂಡು ಅವನು ಫೋನನ್ನು ಅಂಗೈಯಲ್ಲಿ ಮಗುಚಿ ಹಿಡಿದ.

ಅವನ ಹೆಂಡತಿ ದೀಪಾಲಿ ಅಡುಗೆಮನೆಯಿಂದ ಚುರಮುರಿಯ ಗಿರ್ಮಿಟ್ಟಿನ ಬೋಗುಣಿ ಹಿಡಿದುಕೊಂಡು ಬಂದಳು. ಬಂಗಾರೆವ್ವ ಹುಬ್ಬಳ್ಳಿಯಿಂದ ಬಂದು ಎರಡು ತಿಂಗಳಾಗಿತ್ತು. ಮೊಮ್ಮಗಳ ಆಟದ ನಿಯಮ ಆಕೆಗೆ ಇನ್ನೂ ಹಿಡಿಸಿರಲಿಲ್ಲ.

"ಅಷ್ಟ ದೂರದಿಂದ ಓಡಿ ಬಂದು, ಕುಂಟಾಟ ಆಡಿ, ಉಸುಕಿನ್ಯಾಗ ಬೀಳೂದು. ಇದಕ್ಕ ಕಾಲೇಜಿನವರು ಇಮಾನದಾಗ ಕರ್ಕೊಂಡ ಹೋಗ್ತಾರ!"

"ಅದಕ್ಕ ಟ್ರಿಪಲ್ ಜಂಪು ಅಂತಾರ ಅತ್ತೀ," ದೀಪಾಲಿ ನಕ್ಕಳು. "ಬಲಗಾಲಿನಿಂದ ಜಿಗಿದು ಅದೇ ಬಲಗಾಲ ಮ್ಯಾಲ ಇಳಿಬೇಕು, ಆಮ್ಯಾಲ ಎಡಗಾಲು, ಆಮ್ಯಾಲ ಉಸುಕು."

"ಬಲಗಾಲಿಗೇ ಎರಡು ಸಲ ಯಾಕ ಶಿಕ್ಷಾ?"

ಕೇದಾರ ತಲೆಯೆತ್ತಲಿಲ್ಲ.

ಎರಡು ವಾರದ ಹಿಂದಿನ ಭಾನುವಾರ ನಿವೇದಿತಾ ಕಾಲೇಜಿನಿಂದ ಮನೆಗೆ ಬಂದಿದ್ದಳು. ದೀಪಾಲಿ ಅತ್ತೆಯನ್ನು ಕರೆದುಕೊಂಡು ಗ್ರೋಸರಿಗೆ ಹೋಗಿದ್ದಳು. ಮಗಳು ಅಡುಗೆಮನೆಯ ಎತ್ತರದ ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಒಂದು ಸ್ಕ್ಯಾನಿನ ಚಿತ್ರ ತೆರೆದು ಅಪ್ಪನ ಮುಂದೆ ಸರಿಸಿದಳು. ಅವಳ ಬಲಗಾಲಿನ, ಮೊಣಕಾಲಿಗಿಂತ ಕೆಳಗಿನ ಮೂಳೆ. ಒಂದು ಕಡೆ ಮಂಜು ಕವಿದಂತೆ ಬೆಳ್ಳಗಾಗಿತ್ತು. ಅದು ಬಿರುಕಲ್ಲ, ಬಿರುಕು ಬಿಡುವ ಮುಂಚಿನ ಸ್ಥಿತಿ. ಆರು ವಾರ ಓಡಬೇಡ ಎಂದು ಕಾಲೇಜಿನ ಹೊರಗಿನ ಡಾಕ್ಟರು ಹೇಳಿದ್ದರು. ಕೋಚಿಗೆ ಅವಳು ತಿಳಿಸಿರಲಿಲ್ಲ.

"ಅಮ್ಮಂಗೆ ಹೇಳ್ಬೇಡ," ಎಂದಳು. ಆಮೇಲೆ, "ನೀನು ಆಫೀಸಲ್ಲಿ ಇದೇ ಮಾಡೋದು ಅಲ್ವಾ ಅಪ್ಪಾ? ಇಟ್ಸ್ ಎ ಫಟೀಗ್ ಪ್ರಾಬ್ಲಮ್. ಹೌ ಮೆನಿ ಜಂಪ್ಸ್ ಡು ಐ ಹ್ಯಾವ್?"

ಕೇದಾರನ ಕೆಲಸ ಅದೇ. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಈ ಊರಿಗೆ ಬಂದ ಮೇಲೆ ಇಪ್ಪತ್ತೆರಡು ವರ್ಷದಿಂದ ಅವನು ಲೋಹದ ಬೆಸುಗೆಗಳನ್ನು ಯಂತ್ರದಲ್ಲಿಟ್ಟು, ಬಗ್ಗಿಸಿ, ನಡುಗಿಸಿ, ಎಷ್ಟನೆಯ ಪೆಟ್ಟಿಗೆ ಬಿರಿಯುತ್ತವೆ ಎಂದು ಲೆಕ್ಕ ಹಾಕುತ್ತಿದ್ದ. ಅಷ್ಟು ವರ್ಷದಲ್ಲಿ ಮಗಳು ಆ ಕೆಲಸದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಹೈಸ್ಕೂಲಿಗೆ ಹೋದಂದಿನಿಂದ ಅವನ ಮಾತಿಗೆಲ್ಲ 'ಫೈನ್', 'ಓಕೆ', 'ವಾಟೆವರ್' ಎಂಬ ಮೂರೇ ಉತ್ತರ ಸಿಗುತ್ತಿದ್ದವು. ಆ ದಿನ ಅವಳು ಮೊಣಕೈ ಊರಿ, ಗಲ್ಲ ಅಂಗೈಯಲ್ಲಿಟ್ಟು, ಅವನ ಬಾಯಿಯನ್ನೇ ನೋಡುತ್ತ ಕಾದಳು.

ಬೇಡವೇ ಬೇಡ ಎಂದು ಮೊದಲು ಎರಡು ಸಲ ಹೇಳಿದ. ತಾನು ಹೇಗಿದ್ದರೂ ಜಿಗಿಯುವವಳೇ ಎಂದಳು. ಅವಳ ಕಾಲೇಜಿಗೆ ಈ ಒಳಾಂಗಣ ಚಾಂಪಿಯನ್‌ಶಿಪ್ಪು ಒಂದು ಸಲವೂ ಬಂದಿಲ್ಲ. ಸ್ವಂತ ಒಳಾಂಗಣ ಟ್ರ್ಯಾಕೇ ಇಲ್ಲದ ಕಾಲೇಜು. ಹುಡುಗಿಯರು ಚಳಿಗಾಲವಿಡೀ ಬಯಲಿನಲ್ಲಿ ಜಾಕೆಟ್ಟು ಹಾಕಿಕೊಂಡು ಅಭ್ಯಾಸ ಮಾಡಿದ್ದಾರೆ. ಕೋಚಿಗೆ ನೀನು ಫೋನು ಮಾಡಿದರೆ ಇನ್ನು ಮೇಲೆ ನಿನಗೆ ಏನನ್ನೂ ಹೇಳುವುದಿಲ್ಲ ಎಂದಳು. ಇಪ್ಪತ್ತು ವರ್ಷದ ಹುಡುಗಿ. ಕಾಲೇಜಿನವರು ಅವಳ ಬಗ್ಗೆ ಅಪ್ಪನ ಹತ್ತಿರ ಮಾತಾಡುವವರೂ ಅಲ್ಲ.

ಮಿತಿಯೇ ಇಲ್ಲದೆ ಜಿಗಿಯುವುದಕ್ಕಿಂತ ಒಂದು ಮಿತಿ ಇಟ್ಟುಕೊಂಡು ಜಿಗಿಯುವುದು ವಾಸಿ ಎಂದು ಕೇದಾರ ತನಗೆ ತಾನೇ ಹೇಳಿಕೊಂಡ. ಮೂಳೆ ಲೋಹವಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಅದು ತನ್ನನ್ನು ತಾನು ಕಟ್ಟಿಕೊಳ್ಳುತ್ತದೆ. ಆದರೆ ನಿಧಾನಕ್ಕೆ, ಬಿಟ್ಟರೆ ಮಾತ್ರ. ನಾಲ್ಕಾರು ಪ್ರಬಂಧಗಳನ್ನು ತಿರುವಿ ಹಾಕಿ, ಅವಳ ತೂಕ ಹಾಕಿ, ಇಳಿಯುವಾಗಿನ ಹೊರೆ ಹಾಕಿ, ಒಂದು ಗೆರೆ ಎಳೆದ. ಗೆರೆ ಮೂರರ ಹತ್ತಿರ ನಿಂತಿತು. ಆಫೀಸಿನಲ್ಲಾಗಿದ್ದರೆ ಹೀಗೆ ಸಿಕ್ಕ ಅಂಕಿಯನ್ನು ಅವನು ಬಾಯಿಗೂ ತರುತ್ತಿರಲಿಲ್ಲ. ಆದರೆ ಒಟ್ಟು ಆರು ಜಿಗಿತದಲ್ಲಿ ಮೊದಲ ಮೂರಕ್ಕೆ ಅವಳು ಕೊನೆಯ ಸುತ್ತಿಗೆ ಹೋಗುವಳಷ್ಟೆ, ಆ ಸುತ್ತಿನಲ್ಲಿ ಜಿಗಿಯಲು ಒಂದೂ ಉಳಿಯುವುದಿಲ್ಲ. ಮಗಳ ಮುಖ ನೋಡಿದ. ಒಂದನ್ನು ತಾನೇ ಸೇರಿಸಿದ.

"ನಾಲ್ಕು. ಆಮೇಲೆ ಉಳಿದ ಎರಡೂ ಪಾಸ್ ಮಾಡ್ಬೇಕು, ಜಿಗೀಬಾರ್ದು."

ಅವಳು ಸ್ಟೂಲಿನಿಂದ ಇಳಿದು ಅವನ ಬೋಳು ತಲೆಯ ಮೇಲೆ ಒಂದು ಮುತ್ತಿಟ್ಟಳು. ಬಾಗಿಲ ಹತ್ತಿರ ತಿರುಗಿ ನಕ್ಕು, "ನಿನ್ನ ನಾಲ್ಕು ಅಂದ್ರೆ ಎಂಟು ಅಲ್ವಾ ಅಪ್ಪಾ?" ಎಂದಳು. ಕೇದಾರನೂ ನಕ್ಕ.

ಈಗ ಟೀವಿಯಲ್ಲಿ ನಾಲ್ಕನೆಯದೂ ಮುಗಿಯಿತು. ಹನ್ನೆರಡು ಮೀಟರ್ ಐವತ್ತೆಂಟು. ಅವಳು ಮೂರನೆಯ ಸ್ಥಾನಕ್ಕೆ ಏರಿದಳು. ಉಸುಕಿನಿಂದ ಎದ್ದು, ಚಡ್ಡಿ ಕೊಡವಿಕೊಂಡು, ನೆಟ್ಟಗೆ ನಡೆದುಕೊಂಡು ಹೋದಳು. ಕೇದಾರ ಅವಳ ಬಲಗಾಲನ್ನೇ ನೋಡಿದ. ಕುಂಟಲಿಲ್ಲ. ಅವನು ಮೊದಲ ಸಲ ಗಿರ್ಮಿಟ್ಟಿಗೆ ಕೈ ಹಾಕಿದ.

"ಹಂಗಾರ ಗೆದ್ದಂಗಾತೇನ್ರೀ?" ದೀಪಾಲಿ ಕೇಳಿದಳು.

ಇಲ್ಲ ಎಂದು ಟೀವಿಯ ನಿರೂಪಕನೇ ಬಿಡಿಸಿ ಹೇಳುತ್ತಿದ್ದ. ಓಟಗಳೆಲ್ಲ ಮುಗಿದಿದ್ದವು, ಓಟದ ಪಟ್ಟಿಯ ಟೇಪು ಕಿತ್ತುಹೋಗಿ ತಡವಾದದ್ದರಿಂದ ಈ ಜಿಗಿತವೊಂದೇ ಉಳಿದಿತ್ತು. ಎದುರಾಳಿ ಕಾಲೇಜಿನದು ತೊಂಬತ್ತೇಳು ಅಂಕ. ಇವರದು ತೊಂಬತ್ತು. ಈ ಜಿಗಿತದಲ್ಲಿ ಎದುರಾಳಿ ಕಾಲೇಜಿನವರು ಯಾರೂ ಇರಲಿಲ್ಲ. ಮೂರನೆಯ ಸ್ಥಾನಕ್ಕೆ ಆರು ಅಂಕ, ಎರಡನೆಯದಕ್ಕೆ ಎಂಟು. ನಿವೇದಿತಾ ಮೂರನೆಯವಳಾದರೆ ತಂಡ ಒಂದು ಅಂಕದಿಂದ ಸೋಲುತ್ತದೆ. ಎರಡನೆಯವಳಾದರೆ ಒಂದು ಅಂಕದಿಂದ ಗೆಲ್ಲುತ್ತದೆ. ಎರಡನೆಯವಳ ಅಳತೆ ಇವಳದಕ್ಕಿಂತ ಎಂಟು ಸೆಂಟಿಮೀಟರು ಜಾಸ್ತಿ.

"ಅಯ್ಯ, ಎಂಟು ಸೆಂಟಿಮೀಟರು ಅಂದ್ರ ಇಷ್ಟ ಅಲ್ರೀ!" ದೀಪಾಲಿ ಬೆರಳು ಅಗಲಿಸಿ ತೋರಿಸಿದಳು. "ಇನ್ನೂ ಎರಡು ಚಾನ್ಸು ಅದಾವ."

ಕೇದಾರ ಫೋನು ನೋಡಿದ. ಐದನೆಯ ಮನೆ ಖಾಲಿ ಇತ್ತು. ಪಾಸ್ ಮಾಡಿದರೆ ಅಲ್ಲಿ ಒಂದು ಅಡ್ಡಗೆರೆ ಬರಬೇಕು. ಬಿಟ್ಟ ಜಿಗಿತದ ಗುರುತು ಅದು. ತಂಡ ಸೋತರೂ ಸೋಲಲಿ, ಆ ಗೆರೆ ಬರಲಿ ಎಂದು ಕಾದ. ಅವ್ವನ ಕೈಗಳು ಮತ್ತೆ ಮೇಲೆದ್ದವು.

ಖಾಲಿ ಮನೆಯಲ್ಲಿ ಒಂದು ಎಕ್ಸ್ ಬಂತು.

ಎಕ್ಸ್ ಅಂದರೆ ಜಿಗಿದಿದ್ದಾಳೆ, ಹಲಗೆಯ ಗೆರೆ ಮೆಟ್ಟಿದ್ದಾಳೆ, ಲೆಕ್ಕಕ್ಕಿಲ್ಲ. ತೀರ್ಪುಗಾರರ ಲೆಕ್ಕಕ್ಕೆ ಇಲ್ಲದ ಜಿಗಿತ ಮೂಳೆಯ ಲೆಕ್ಕಕ್ಕೆ ಇದ್ದೇ ಇರುತ್ತದೆ.

ಆಗ ಅವನಿಗೆ ಬಾಗಿಲಲ್ಲಿ ನಿಂತು ಅವಳು ಆಡಿದ ಮಾತು ಅರ್ಥವಾಯಿತು. ಅದು ತಮಾಷೆಯಾಗಿರಲಿಲ್ಲ. ಅವಳು ಐದು ವರ್ಷದವಳಿದ್ದಾಗ ಸಾಂಟಾ ಕ್ಲಾರಾದ ಯಾವುದೋ ಕಟ್ಟಡದ ಲಿಫ್ಟು ತುಂಬಿಹೋಗಿ, ಅವಳು ಹೆದರಿ ಅತ್ತಾಗ, ಅವನೇ ಎತ್ತಿಕೊಂಡು ಹೇಳಿದ್ದ: "ಹತ್ತು ಜನ ಅಂತ ಬರೆದಿದ್ರೆ ಇಪ್ಪತ್ತು ಜನ ತಡೀತದ ಪುಟ್ಟಿ. ಅಪ್ಪನಂಥವರು ಯಾವಾಗ್ಲೂ ಅರ್ಧನ ಹೇಳೋದು." ಸೇತುವೆಗಳ ಮೇಲೆ, ಜೋಕಾಲಿಗಳ ಮೇಲೆ, ಅದನ್ನೇ ಎಷ್ಟು ಸಲ ಹೇಳಿದ್ದನೋ. ಹುಡುಗಿ ನಂಬಿ ಬೆಳೆದಿದ್ದಳು. ಅಪ್ಪ ನಾಲ್ಕು ಎಂದರೆ ಅದರ ಬೆನ್ನಿಗೆ ಇನ್ನೂ ನಾಲ್ಕು ಇರುತ್ತವೆ. ತನ್ನ ಜನ್ಮದಲ್ಲಿ ಬೆನ್ನಿಗೆ ಏನೂ ಇಲ್ಲದ ಅಂಕಿಯೊಂದನ್ನು ಅವನು ಕೊಟ್ಟದ್ದು ಅದೊಂದೇ ಸಲ.

ಫೋನು ಹಿಡಿದು ಗ್ಯಾರೇಜಿಗೆ ಹೋದ. ಕೊನೆಯ ಸುತ್ತಿನಲ್ಲಿ ಒಂಬತ್ತು ಜನ. ಅವಳ ಸರದಿ ಏಳನೆಯದು. ನಡುವೆ ಎಂಟು ನಿಮಿಷವಾದರೂ ಸಿಗುತ್ತದೆ. ಮಗಳಿಗೆ 'ಸ್ಟಾಪ್. ನಾಲ್ಕು ಅಂದರೆ ನಾಲ್ಕೇ' ಎಂದು ಕಳಿಸಿದ. ಅವಳ ಫೋನು ಎಲ್ಲೋ ಚೀಲದ ತಳದಲ್ಲಿರುತ್ತದೆ. ಆಟ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ಕೋಚಿನ ಆಫೀಸಿಗೆ ಮಾಡಿದ. ಸೋಮವಾರ ಬೆಳಿಗ್ಗೆ ಕರೆ ಮಾಡಿ ಎಂದಿತು ಯಂತ್ರ. ಕಡೆಗೆ ಮುನಿರಾಜುವಿಗೆ ಮಾಡಿದ. ಮುನಿರಾಜುವಿನ ಮಗಳು ಮಾನ್ಯಾ ಅದೇ ತಂಡದಲ್ಲಿ ರಿಲೇ ಓಡುವವಳು. ಅಪ್ಪ ಕ್ರೀಡಾಂಗಣದಲ್ಲೇ ಇದ್ದ. ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಎತ್ತಿದ.

"ಸಾರ್! ನೋಡ್ತಿದೀರಾ? ಏನ್ ಸಾರ್ ನಿಮ್ಮ ಹುಡುಗಿ, ಚಿಂದಿ! ಕಾಲಿಗೆ ಸ್ಪ್ರಿಂಗ್ ಕಟ್ಕೊಂಡವ್ಳೆ!"

"ಮುನಿರಾಜು, ಒಂದು ಅರ್ಜೆಂಟ್ ಕೆಲಸ. ಕೋಚ್ ಹತ್ರ ಹೋಗ್ತೀರಾ?"

"ಎಲ್ಲಿಗೆ? ಕೆಳಕ್ಕಾ? ಬಿಡಲ್ಲ ಸಾರ್, ಬೇಲಿ ಹಾಕವ್ರೆ. ನಾನು ನೀರು ಕೊಡಕ್ ಹೋಗಿದ್ದಕ್ಕೇ ಸೆಕ್ಯೂರಿಟಿಯೋನು ಬೈದು ಕಳಿಸ್ದ."

"ಕೂಗಿಯಾದ್ರೂ ಹೇಳಿ. ಅವಳು ಜಿಗಿಯೋದು ಬೇಡ ಅಂತ."

"ಏನ್ ಬೇಡ ಸಾರ್?"

"ಜಿಗಿಯೋದು! ಅವಳ ಬಲಗಾಲು..."

"ಜೋರಾಗಿ ಸಾರ್, ಏನೂ ಕೇಳಿಸ್ತಿಲ್ಲ, ಎಲ್ರೂ ಚಪ್ಪಾಳೆ ಶುರು ಮಾಡಿದಾರೆ. ಒಂದ್ನಿಮಿಷ, ಅವಳೇ ನಿಂತವ್ಳೆ ಸಾರ್ ಈಗ!"

ಸಾವಿರ ಕೈಗಳ ತಾಳ ಫೋನಿನೊಳಗೆ ನಿಧಾನವಾಗಿ ಏರಿತು. ಕೇದಾರ ಕೂಗಿದ. ವಾಷಿಂಗ್ ಮಷೀನು, ಹಳೆಯ ಸೈಕಲ್ಲು, ಅಕ್ಕಿ ಚೀಲಗಳ ನಡುವೆ ನಿಂತು ಮಗಳ ಹೆಸರು ಹಿಡಿದು ಕೂಗಿದ. ತಾಳ ವೇಗವಾಯಿತು, ಒಂದಕ್ಕೊಂದು ಬೆರೆಯಿತು, ಒಮ್ಮೆಲೇ ಹೋ ಎಂದು ಒಡೆಯಿತು. ಆ ಹೋ ಎನ್ನುವುದರಲ್ಲಿ ಏನಿದೆ ಎಂದು ಅವನಿಗೆ ತಿಳಿಯಲಿಲ್ಲ. ಕರೆ ಕಡಿದುಹೋಯಿತು.

ಫಲಿತಾಂಶದ ಪುಟ ತೆರೆದ. ಆರನೆಯ ಮನೆಯಲ್ಲಿ ಅಂಕಿ ಬಂದಿತ್ತು. ಅವಳ ಹೆಸರು ಎರಡನೆಯ ಸಾಲಿಗೆ ಏರಿತ್ತು. ಎಷ್ಟು ದೂರ ಎಂದು ಪುಟ ಹೇಳುತ್ತಿತ್ತು. ಕಾಲು ಏನಾಯಿತು ಎನ್ನುವುದಕ್ಕೆ ಅದರಲ್ಲಿ ಮನೆಯೇ ಇರಲಿಲ್ಲ.

ಅವನು ಒಳಗೆ ಬಂದಾಗ ಟೀವಿಯಲ್ಲಿ ನಿವೇದಿತಾ ಇನ್ನೂ ಓಟದ ಪಟ್ಟಿಯ ಆಚೆ ತುದಿಗೆ ಬರುತ್ತಿದ್ದಳು.

"ಯಾರಿಗ್ರೀ ಅಷ್ಟು ಚೀರಿದ್ದು?"

"ಮುನಿರಾಜುಗ."

"ಏನಂದ?"

"ಗದ್ದಲದಾಗ ಏನೂ ಕೇಳಿಸಲಿಲ್ಲ."

"ಸುಮ್ನ ಕುಂಡರು," ಎಂದಳು ಬಂಗಾರೆವ್ವ. "ಈಗ ಬೇಡ್ಕೊಬೇಕು." ಕಣ್ಣು ಮುಚ್ಚಿಕೊಂಡಳು. ಕೇದಾರನಿಗೆ ನೆನಪಿರುವಂತೆ ಕಾಲೇಜು ಸೇರಿದ ಮೇಲೆ ಅವನು ದೇವರಿಗೆ ಏನನ್ನೂ ಕೇಳಿರಲಿಲ್ಲ. ಈಗ ಅವ್ವನ ಪಕ್ಕ ಕೂತು ಕೈ ಜೋಡಿಸಿದ. ಆಗಿಹೋದದ್ದು ಎಂದು ಗೊತ್ತಿದ್ದೂ ಜೋಡಿಸಿದ.

ಪರದೆಯ ಮೇಲೆ ನಿವೇದಿತಾ ಎರಡೂ ಕೈ ತಲೆಯ ಮೇಲೆತ್ತಿ ಚಪ್ಪಾಳೆ ಕೇಳಿದಳು. ಹಿಂದಕ್ಕೆ ಒಂದಿಷ್ಟು ವಾಲಿದಳು. ಓಡಿದಳು. ಬಲಗಾಲು ಹಲಗೆ ಒದೆಯಿತು, ಗಾಳಿಯಲ್ಲಿ ಸುತ್ತಿ ಬಂದು ಅದೇ ಬಲಗಾಲು ನೆಲಕ್ಕೆ ಇಳಿಯಿತು. ಅಲ್ಲಿ ಅವಳ ಮುಖ ಒಮ್ಮೆ ಕಿವುಚಿಕೊಂಡಿತು. ಕಣ್ಣು ಕೀಲಿಸಿ ನೋಡಿದವನಿಗೆ ಮಾತ್ರ ಕಾಣುವಷ್ಟು. ಆಮೇಲೆ ಎಡಗಾಲು, ಆಮೇಲೆ ಉದ್ದಕ್ಕೆ ಚಾಚಿದ ದೇಹ, ಉಸುಕು.

ಬಿಳಿ ಬಾವುಟ ಮೇಲೆದ್ದಿತು. ದೀಪಾಲಿ ಕಿರುಚಿಕೊಂಡು ಎದ್ದಳು. ನಿವೇದಿತಾ ಏಳಲಿಲ್ಲ. ಅಂಗೈಗಳನ್ನು ಉಸುಕಿಗೆ ಊರಿ, ಅಂಬೆಗಾಲಿಡುವ ಮಗುವಿನ ಹಾಗೆ, ಎಡ ಮೊಣಕಾಲಿನ ಮೇಲೆ ತನ್ನನ್ನು ಎಳೆದುಕೊಂಡು ಗುಂಡಿಯ ಅಂಚಿಗೆ ಹೋದಳು.

"ಯಾಕ್ರೀ ಏಳವಲ್ಲಳು?"

ಕ್ಯಾಮೆರಾ ಆಕಡೆ ತಿರುಗಿತು. ಮುಂದಿನ ಹುಡುಗಿ, ಸ್ವಲ್ಪ ಹೊತ್ತಿನ ಮುಂಚೆ ಎರಡನೆಯವಳಾಗಿದ್ದವಳು, ಓಡಿ ಬಂದಳು, ಜಿಗಿದಳು, ಗೆರೆ ಮೆಟ್ಟಿದಳು, ಕೆಂಪು ಬಾವುಟ. ಅದರೊಂದಿಗೆ ಎಲ್ಲ ಮುಗಿಯಿತು; ಕೊನೆಗೆ ಉಳಿದ ಮೊದಲನೆಯ ಸ್ಥಾನದವಳು ಹೇಗೆ ಜಿಗಿದರೂ ಲೆಕ್ಕ ಬದಲಾಗುತ್ತಿರಲಿಲ್ಲ. ಪರದೆಯ ಮೇಲೆ ತೊಂಬತ್ತೆಂಟು ಎಂದು ದೊಡ್ಡದಾಗಿ ಬಂತು. ನೀಲಿ ಬನಿಯನ್ನಿನ ಹುಡುಗಿಯರು ಎಲ್ಲೆಲ್ಲಿಂದಲೋ ಓಡಿ ಬಂದು ಒಬ್ಬರ ಮೇಲೊಬ್ಬರು ಬಿದ್ದರು. ಅತ್ತರು. ಕೋಚು ತನ್ನ ಟೋಪಿಯನ್ನು ಚಾವಣಿಗೆ ಎಸೆದ. ನಿರೂಪಕ ಕಾಲೇಜಿನ ಹೆಸರನ್ನು ಹಾಡಿನ ಹಾಗೆ ಎಳೆದ.

"ಗೆದ್ದರೇನು?" ಬಂಗಾರೆವ್ವ ಕಣ್ಣು ತೆರೆದಳು.

"ಗೆದ್ದರು ಅವ್ವ."

"ನಮ್ಮ ಕೂಸು ಎಲ್ಲೈತಿ ಅದರಾಗ?"

ಅದರಲ್ಲಿ ಇರಲಿಲ್ಲ. ಕುಣಿಯುವವರ ಹಿಂದೆ, ಚಿತ್ರದ ಮೂಲೆಯಲ್ಲಿ, ಕೈಗವಸು ಹಾಕಿಕೊಂಡ ಇಬ್ಬರು ಮಂಡಿಯೂರಿ ಕೂತಿದ್ದರು. ಅವರ ನಡುವೆ ಒಂದು ಕೈ ಮಾತ್ರ ಕಾಣುತ್ತಿತ್ತು. ಅವಳು ಅದನ್ನು ತಂಡದ ಕಡೆಗೆ ಎತ್ತಿ ಆಡಿಸುತ್ತಿದ್ದಳು.

ಫೋನು ಬಡಿದುಕೊಂಡಿತು. ಮುನಿರಾಜುವಿನ ದನಿ ಈಗ ಸಣ್ಣದಾಗಿತ್ತು.

"ಸಾರ್... ಸ್ಟ್ರೆಚರ್ ತರ್ತಿದಾರೆ. ಮಾನ್ಯಾ ಅವಳ ಪಕ್ಕದಲ್ಲೇ ಅವ್ಳೆ." ಗದ್ದಲದಿಂದ ಆಚೆ ಸರಿದ. "ನೀವು ಆಗ ಹೇಳಕ್ ಬಂದಿದ್ದು ಇದೇನಾ ಸಾರ್?"

ದನಿ ಕೋಣೆಯಲ್ಲಿ ಎಲ್ಲರಿಗೂ ಕೇಳುವಷ್ಟಿತ್ತು. ದೀಪಾಲಿ ಟೀವಿ ಬಿಟ್ಟು ಗಂಡನ ಕಡೆ ತಿರುಗಿದಳು. ಅವಳ ಕೈಯಲ್ಲಿ ಗಿರ್ಮಿಟ್ಟಿನ ಬೋಗುಣಿ ಓರೆಯಾಗಿ, ಚುರಮುರಿ ಒಂದೊಂದಾಗಿ ಕಾರ್ಪೆಟ್ಟಿನ ಮೇಲೆ ಉದುರುತ್ತಿತ್ತು.

"ಏನಂತೋ? ಯಾರೂ ಮಾತಾಡವಲ್ರಿ," ಬಂಗಾರೆವ್ವ ಮಗನ ಮೊಣಕಾಲು ಅಲುಗಿಸಿದಳು. "ನನಗೇನೂ ತಿಳೀವಲ್ದು. ಎಷ್ಟ ದೂರ ಜಿಗಿದಳು, ಅದನ್ನರ ಹೇಳೋ."

ಕೇದಾರ ಫೋನು ನೋಡಿದ. ಹೇಳಲು ಬರುವಂಥದ್ದು ಅವನ ಹತ್ತಿರ ಅದೊಂದೇ ಇತ್ತು.

"ಹನ್ನೆರಡು ಮೀಟರ್ ಎಪ್ಪತ್ತೊಂದು ಸೆಂಟಿಮೀಟರ್."