ಅಟ್ಟದ ಮೇಲೆ ಒಣಗಲಿಟ್ಟ ದಾವೆ

ಹೊಸೂರು ಕೋರ್ಟಿನ ಸಮನ್ಸ್ ಕೈಗೆ ಬಂದ ದಿನವೇ ತಾಜ್ ಪಾಷಾ ತೀರ್ಮಾನ ಮಾಡಿಬಿಟ್ಟ: ತನ್ನ ಲಾಯರು ಅನಂತರಾಜುವೇ ಆ ಕಡೆಯವರಿಗೆ ಸುಳಿವು ಕೊಟ್ಟಿದ್ದಾನೆ.

ಪಾಷಾ ಚನ್ನಪಟ್ಟಣದ ಬೊಂಬೆ ಕೆಲಸಗಾರ. ಅವನು ಕಡೆದ ತಿರುಗುವ ಬಾತುಕೋಳಿಯನ್ನು ಹೊಸೂರಿನ ವ್ಯಾಪಾರಿ ಮೂರು ವರ್ಷ ಮಾರಿ, ಈಗ ಅದನ್ನೇ ಬೇರೆಯವರ ಕೈಲಿ ಮಾಡಿಸತೊಡಗಿದ್ದ. ಅದನ್ನು ನಿಲ್ಲಿಸಿ ಅಂತ ಪಾಷಾ ರಾಮನಗರದಲ್ಲಿ ದಾವೆ ಹೂಡಿದರೆ, ನಮೂನೆ ನನ್ನದು, ಪಾಷಾನೇ ನಿಲ್ಲಿಸಲಿ ಅಂತ ಆ ವ್ಯಾಪಾರಿ ತಮಿಳುನಾಡಿನ ಹೊಸೂರಿನಲ್ಲಿ ಹೂಡಿದ್ದ. ವಾಯಿದೆಗೊಮ್ಮೆ ಹೊಸೂರಿಗೆ ಅಲೆದರೆ ಇಲ್ಲಿ ಮರ ಕಡೆಯುವ ಚರಕಿ ತಿರುಗಿಸುವವರು ಯಾರು?

ರಾಮನಗರದ ಆಫೀಸಿನಲ್ಲಿ ಅನಂತರಾಜು ಸಮನ್ಸನ್ನು ಎರಡು ಸಲ ಓದಿದ. ಎರಡನೇ ಸಲ ಯಾಕೆ ಅಂತ ಪಾಷಾಗೆ ಅದೂ ಅನುಮಾನ.

"ಒಂದೇ ಜಗಳ ಎರಡು ಕೋರ್ಟಲ್ಲಿ ನಡೆಯಕ್ಕಿಲ್ಲ ಸಾಹೇಬ್ರೆ. ಮೊದ್ಲು ಹಾಕಿದೋರ್ದು ನಡೀತದೆ, ಹಿಂದಿಂದು ನಿಲ್ತದೆ. ರಾಜ್ಯ ಬೇರೆಯಾದ್ರೂ ಅಷ್ಟೇಯ."

"ನಮ್ದೇ ಅಲ್ವಾ ಮೊದ್ಲು?"

ಅನಂತರಾಜು ಎರಡೂ ಕಾಗದ ಪಕ್ಕಪಕ್ಕ ಇಟ್ಟ. ಹೊಸೂರಿನದು ಹೂಡಿದ್ದು ಬುಧವಾರ. ಇವರದು ಗುರುವಾರ.

"ಸೋಮವಾರವೇ ಸೈನ್ ಹಾಕಿ ಅಂದೆ. ನೀವು ಮನೆಗೆ ತಗೊಂಡೋದ್ರಿ."

ಹೌದು, ಒಯ್ದಿದ್ದ. ಹಸಿ ಮರ ಕಡೆದರೆ ಬಣ್ಣ ಹಾಕಿದ ಮೇಲೆ ಬಿರುಕು ಬಿಡುತ್ತದೆ ಅಂತ ಬೊಂಬೆಯವರು ತಂದ ಮರವನ್ನು ಅಟ್ಟದಲ್ಲಿ ಒಣಗಿಸುತ್ತಾರೆ. ಪಾಷಾ ದಾವೆಯನ್ನೂ ಅಲ್ಲೇ ಇಟ್ಟಿದ್ದ. ಒಸಿ ಒಣಗಲಿ, ಬಿರುಕಿದ್ದರೆ ತಾನೇ ಕಾಣುತ್ತದೆ ಅಂತ ಹೆಂಡತಿ ಅನೀಸಾಗೆ ಹೇಳಿದ್ದ. ಕಾಗದ ಏನು ಮರವಾ ಅಂತ ಅವಳು ನಕ್ಕಿದ್ದಳು.

"ಸರಿ, ಅವ್ರಿಗೆ ಹೇಳಿದ್ಯಾರು?" ಪಾಷಾ ಲಾಯರ ಕಣ್ಣನ್ನೇ ನೋಡಿದ.

"ನಾನಂತೂ ಉಸಿರು ಬಿಟ್ಟಿಲ್ಲ. ನೀವು ಯಾರನ್ನಾದ್ರೂ ವಿಚಾರಿಸಿದ್ರಾ?"

ವಿಚಾರಿಸಿದ್ದ, ಲಾಯರ ಮೇಲಿನ ಅನುಮಾನಕ್ಕೆ. ಮಂಗಳವಾರ ಹೊಸೂರು ವ್ಯಾಪಾರಿಯ ವ್ಯಾನ್ ಡ್ರೈವರ್ ಮಹೇಂದ್ರ ಹಳೇ ಖಾಲಿ ಪೆಟ್ಟಿಗೆ ವಾಪಸ್ ಇಳಿಸಲು ಬಂದಿದ್ದ. ಪಾಷಾ ಅವನಿಗೆ ಟೀ ಕುಡಿಸಿ, ಬಲು ಜಾಣತನದಿಂದ ಕೇಳಿದ್ದ: "ನಮ್ ಲಾಯರ್ ಅನಂತರಾಜು ನಿಮ್ ಯಜಮಾನ್ರಿಗೆ ಪರಿಚಯವೇನ್ಲಾ?"

ಮಹೇಂದ್ರ ಲೋಟ ಕೆಳಗಿಟ್ಟು ಅಂದಿದ್ದ: "ಲಾಯರಾ? ನಿಮಗ್ಯಾಕಣ್ಣ ಲಾಯರು?"

ಅನಂತರಾಜು ಹೊಸೂರು ಕೇಸಿನ ವಕಾಲತ್ತು ಕಾಗದ ಮುಂದೆ ತಳ್ಳಿದ. ಪಾಷಾ ಓದಿಸದೆ, ಒಣಗಿಸದೆ ಸೈನ್ ಹಾಕಿ ಹೊರಬಂದ. ಮೂರು ಮೆಟ್ಟಿಲು ಇಳಿದವನು ನಿಂತ. ಇಷ್ಟು ಬೇಗ ಆ ಕಾಗದ ರೆಡಿ ಇದ್ದದ್ದಾದರೂ ಹೇಗೆ?