ಸ್ಟಡ್ ಗನ್ನು ಹಿಡಿದ ಭಾನು

ವೆಲ್ಡಿಂಗ್ ಪೆಟ್ಟಿಗೆಯ ಹಸಿರು ದೀಪ ಹತ್ತಿತು, ಚಾರ್ಜು ತುಂಬಿತು ಅಂತ, ಇನ್ನು ಒತ್ತುವುದಷ್ಟೇ, ಭಾನುವಿನ ಬೆರಳು ಮಾತ್ರ ಒಲ್ಲೆ ಅನ್ನುತ್ತಿದೆ, ಥೂ, ಎಷ್ಟು ಕಾಲದಿಂದ ಹಿಡಿದ ಗನ್ನು ಇದು, ಕಣ್ಣು ಮುಚ್ಚಿಕೊಂಡು ಹೊಡೆಯುತ್ತಿದ್ದಳಲ್ಲ, ತಗಡಿನ ಎಣ್ಣೆ ಒರೆಸು, ಗನ್ನಿನ ಬಾಯಿಗೆ ಬೋಲ್ಟಿನಂಥ ಮೋಟು ಸ್ಟಡ್ಡು ಸಿಕ್ಕಿಸು, ನೆಟ್ಟಗೆ ಊರು, ಒತ್ತು, ಪಟ್ — ರೆಪ್ಪೆ ಬಡಿಯುವ ಮೊದಲೇ ಸ್ಟಡ್ಡು ತಗಡಿಗೆ ಬೆಸೆದು ನಿಂತಿರುತ್ತದೆ, ತೂತು ಕೊರೆಯಬೇಕಿಲ್ಲ, ಆ ಕಡೆ ಕೈ ತೂರಿಸಿ ನಟ್ಟು ಹಾಕಬೇಕಿಲ್ಲ, ತಗಡು ಎಷ್ಟೇ ತೆಳುವಾದರೂ ಅದರ ಬೆನ್ನಿನ ಬಣ್ಣಕ್ಕೆ ಒಂದು ಕಲೆ ಬೀಳುವುದಿಲ್ಲ. ಸೂಪರ್‌ವೈಸರ್ ಯುವರಾಜ್ ಹೊಸಬರಿಗೆ ಹೇಳಿಕೊಡುವುದು ಕಿವಿಯಲ್ಲೇ ಇದೆ, ನೋಡ್ರಮ್ಮಾ, ಈ ಪೆಟ್ಟಿಗೆ ಒಳಗಿರೋ ಕೆಪಾಸಿಟರು ಮಾಮೂಲಿ ಕರೆಂಟನ್ನೇ ಕುಡ್ಕಂಡು ಕೂತಿರ್ತದೆ, ಗುಂಡಿ ಒತ್ತುದ್ರೆ ಒಂದೇ ಏಟ್ಗೆ ಎಲ್ಲಾ ಬಿಡ್ತದೆ, ಸ್ಟಡ್ಡಿನ ಮೂತಿ ಕರಗ್ತದೆ, ಸ್ಪ್ರಿಂಗು ಅದುಮಿ ಕೂರುಸ್ತದೆ, ಬಿಸಿ ಹರಡಕ್ಕೆ ಪುರುಸೊತ್ತೇ ಇಲ್ಲ. ಒಂದೇ ಏಟಿಗೆ ಎಲ್ಲಾ. ಅಯ್ಯೋ ದೇವರೇ, ಕೇಬಲ್ಲು ತೊಡೆಗೆ ತಾಗುತ್ತಿದೆ, ಸರಿಸಬೇಕು, ಎಲ್ಲಿಗೆ ಅಂತ ಸರಿಸುವುದು, ಎಡಹೆಗಲ ಕೆಳಗೆ ಚರ್ಮದೊಳಗೆ ಪೇಸ್‌ಮೇಕರು ಕೂತಿದೆ, ಹೊಲಿಗೆ ಇನ್ನೂ ನವೆಯಾಗುತ್ತದೆ, ಕೃಷ್ಣಗಿರಿಯ ಡಾಕ್ಟರು ಕೇಳಿದ್ದರು, ವೆಲ್ಡಿಂಗ್ ಹತ್ರ ಏನಾದ್ರೂ ಕೆಲ್ಸ ಮಾಡ್ತೀರಾಮ್ಮಾ, ಇಲ್ಲ ಸಾರ್, ಪ್ಯಾಕಿಂಗು, ಅಂದುಬಿಟ್ಟಳು, ಎಷ್ಟು ಸಲೀಸಾಗಿ ಬಂತು ಸುಳ್ಳು, ಸರಿ, ಅಂಥ ಮಿಷನ್ ಹತ್ರ ಹೋದ್ರೆ ಇದು ದಿಕ್ಕು ತಪ್ತದೆ, ನಿಮ್ಮ ಎದೆಬಡಿತ ಇದ್ರ ಮೇಲೇ ನಡೀತಿರೋದು, ಅಂದಿದ್ದರು ಅವರು. ಆಪರೇಷನ್ನಿಗೆ ಹೋದಾಗ ಕಂಪನಿಗೆ ಕಾಮಾಲೆ ಅಂತ ರಜೆ ಹೇಳಿದ್ದು. ಹಸಿರು ದೀಪ ಕಾಯುತ್ತಿದೆ. ಪಕ್ಕದಲ್ಲೇ ಸ್ಟಿಕ್ಕರು, ಹೃದಯದ ಚಿತ್ರ, ಅದಕ್ಕೆ ಅಡ್ಡ ಕೆಂಪು ಗೆರೆ, ದಿನಾ ಧೂಳು ಒರೆಸಿದವಳು ತಾನೇ, ಯಾರಿಗೋ ಹಾಕಿರಬೇಕು ಅಂದುಕೊಂಡಿದ್ದಳು. ಹೇಳಿಬಿಡಲಾ? ಹೇಳಿದರೆ ಗೇಟಿನಾಚೆ, ಕಾಂಟ್ರಾಕ್ಟಿನವಳಿಗೆ ಬೇರೆ ಕೆಲಸ ಯಾರು ಹುಡುಕಿ ಕೊಡುತ್ತಾರೆ, ಜೊತೆಯಲ್ಲೇ ಕೆಲಸಕ್ಕಿದ್ದ ವರಲಕ್ಷ್ಮಮ್ಮ ಬೆನ್ನುನೋವು ಅಂದದ್ದೇ ತಡ ಗೇಟಿನ ಕಾರ್ಡು ಕಿತ್ತುಕೊಂಡರಲ್ಲ, ಊರಲ್ಲಿ, ಸಾನಮಾವಿನ ಕಾಡಂಚಿನ ಹೊಲದಲ್ಲಿ, ಗಂಡ ಸುರೇಂದ್ರ ಏನೇ ಬೆಳೆದರೂ ಆನೆ ತಿಂದು ಬಿಟ್ಟದ್ದಷ್ಟೇ ಮನೆಗೆ, ಬ್ಯಾಡ ಕಣಮ್ಮೀ, ಹೋಗ್ಬ್ಯಾಡ, ಅಂದ ಅವನೂ, ಮತ್ತೇನ್ ಮಾಡಾನ ಅಂತ ಇವಳು ಕೇಳಿದ ಮೇಲೆ ತಾನೇ ಬುತ್ತಿ ಕಟ್ಟಿಕೊಟ್ಟ, ಆ ಬುತ್ತಿಯೇ ಹೊಟ್ಟೆ ಉರಿಸುತ್ತದೆ.

ಏನಕ್ಕಾ, ನಿಂತ್ಬುಟ್ಟೆ, ಅಲ್ಲಿ ಲೋಡು ತುಂಬಕ್ಕೆ ವಂಡಿ ಕಾಯ್ತಾ ಅದೆ, ಯುವರಾಜ್ ಕೂಗಿದ, ಆಯ್ತಪ್ಪಾ, ಮಾಡ್ತೀನಿ, ತೋಳು ಆದಷ್ಟು ಉದ್ದಕ್ಕೆ ಚಾಚಿ, ಎದೆ ಹಿಂದಕ್ಕೆ ಎಳೆದುಕೊಂಡು, ಹಲ್ಲು ಕಚ್ಚಿ — ಪಟ್. ಏನೂ ಇಲ್ಲ. ಕತ್ತಲೆಯೂ ಇಲ್ಲ. ಎದೆ ಬಡಿಯಿತು, ಇಗೋ ಮತ್ತೆ ಬಡಿಯಿತು, ಬದುಕ್ಬುಟ್ಟೆ, ಬದುಕ್ಬುಟ್ಟೆ ಕಣವ್ವಾ, ಕಣ್ಣು ತುಂಬಿ ಬಂತು, ಸ್ಟಡ್ಡು ನೆಟ್ಟಗೆ ನಿಂತಿದೆ, ಆದರೆ ತಗಡಿನ ಉದ್ದಕ್ಕೂ ಮುಂದಿನ ಸ್ಟಡ್ಡುಗಳಿಗೆ ಹಾಕಿದ ಬಳಪದ ಗುರುತುಗಳು, ಅದರ ಕೆಳಗೆ ಇನ್ನೊಂದು ತಗಡು, ಅದರ ಕೆಳಗೆ ಇನ್ನೊಂದು, ಸೊಂಟದೆತ್ತರದ ರಾಶಿ, ನಾಳೆಗೆ ಬೇರೆ ರಾಶಿ, ಪೆಟ್ಟಿಗೆ ಗುಂಯ್ ಅನ್ನುತ್ತ ಕುಡಿಯುತ್ತಿದೆ, ತುಂಬದಿರಲಪ್ಪಾ, ಒಂದು ಚಣ ತುಂಬದಿರಲಿ — ಹಸಿರು ದೀಪ, ಮತ್ತೆ ಹಸಿರು ದೀಪ