ಏಳು ಏಟಿಗೆ ಎಷ್ಟು ಅಂಕ

"ನೋಡಿ, ಹೀಗೆ ನಿಂತಿದ್ದ ಆಸಾಮಿ, ಲೈಟ್ ಕಂಬದ ಹಾಗೆ!" ಎನ್ನುತ್ತಾ ಶುರೂಕ್ ಕಪಾಟಿನ ಮೇಲಿದ್ದ ಪ್ಲಾಸ್ಟಿಕ್ ತಲೆಯನ್ನು ತಂದು ಮೇಜಿನ ಮೇಲೆ, ಗೋಡೆಗೆ ಮುಖ ಮಾಡಿ ಕೂರಿಸಿದಳು. ಮೇಡಂ ಇಹ್ಸಾನ್ ತನ್ನ ಸಲೂನಿನಲ್ಲಿ ವಿಗ್ ಹಾಕಿಡುವ ತಲೆ ಅದು. ಶುರೂಕ್ ಒಂದು ಕೈ ಕಿವಿಗಿಟ್ಟು, ಫೋನಿನಲ್ಲಿ ಅತ್ತೆಯ ಜೊತೆ ಜಗಳಕ್ಕಿಳಿದ ಸಿನಿಮಾ ನಾಯಕನಾದಳು. ಹಲ್ಲು ಕಡಿದಳು, ಕಣ್ಣು ಕೆಂಪಗೆ ಮಾಡಿದಳು. ಆಮೇಲೆ ಇನ್ನೊಂದು ಕೈಯಿಂದ ಆ ತಲೆಯ ಹಿಂಗತ್ತಿಗೆ ಫಟಾರೆಂದು ಬಾರಿಸಿದಳು. ತಲೆ ಉರುಳಿ ಕಹ್ಕ್ ಬಿಸ್ಕತ್ತಿನ ತಟ್ಟೆಯೊಳಗೆ ಬಿತ್ತು, ಅದರ ಮೂಗಿಗೆಲ್ಲ ಸಕ್ಕರೆ ಪುಡಿ ಮೆತ್ತಿಕೊಂಡಿತು.

ಇಹ್ಸಾನ್ ನಕ್ಕೂ ನಕ್ಕೂ ಕೆಮ್ಮಿದಳು. ಎಲ್ಲರೂ ಗೌರವದಿಂದ ಅಬ್ಲಾ ಎನ್ನುವ ನಿವೃತ್ತ ಟೀಚರ್ ಫಿರ್ಯಾಲ್ ಕೂಡ, ಸುಲಭಕ್ಕೆ ನಗದವರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವಾತೆಫ್ ಮಾತ್ರ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದಳು.

ಸೋಮವಾರ ಸಲೂನುಗಳಿಗೆ ರಜ. ಕೈರೋದ ಶುಬ್ರಾ ಬಡಾವಣೆಯ ಆ ಓಣಿಯಲ್ಲಿ ರಜ ಎಂದರೆ ಇಹ್ಸಾನಳ ಅಂಗಡಿಯ ಶಟರ್ ಅರ್ಧ ಇಳಿದು, ಪರದೆ ಪೂರ್ತಿ ಇಳಿದು, ಒಳಗೆ ನಾಲ್ವರು ಹೆಂಗಸರು ತಲೆವಸ್ತ್ರ ತೆಗೆದು ಆರಾಮಾಗಿ ಕೂರುವ ಸಂಜೆ. ಆ ವಾರ ನೋಡಿದ ಸಿನಿಮಾಕ್ಕೆ ಅಂಕ ಕೊಡುವುದು ಅವರ ಕೆಲಸ. ಪ್ರತಿಯೊಬ್ಬಳ ಹೆಗಲಿಗೂ ಒಂದು ಟವೆಲ್, ಎಲ್ಲರ ನಡುವೆ ಒಂದು ತಗಡಿನ ಡಬ್ಬಿಯ ತುಂಬ ಕೂದಲಿನ ಕ್ಲಿಪ್ಪು. ಎಷ್ಟು ಅಂಕವೋ ಅಷ್ಟು ಕ್ಲಿಪ್ಪನ್ನು ಟವೆಲಿನ ಅಂಚಿಗೆ ಸಿಕ್ಕಿಸಿಕೊಳ್ಳಬೇಕು, ಹತ್ತು ದಾಟುವಂತಿಲ್ಲ. ಕೊನೆಗೆ ಫಿರ್ಯಾಲ್ ಅದನ್ನೆಲ್ಲ ಹಳೇ ಕ್ಯಾಲೆಂಡರಿನ ಬೆನ್ನಿಗೆ ದುಂಡಗಿನ ಅಕ್ಷರದಲ್ಲಿ ಬರೆದು ಬಾಗಿಲ ಪಕ್ಕ ನೇತುಹಾಕುತ್ತಿದ್ದರು. ಅದನ್ನು ನೋಡದೆ ಆ ಓಣಿಯ ಹೆಂಗಸರು ಟಿಕೆಟ್ ತೆಗೆಸುತ್ತಿರಲಿಲ್ಲ. ಒಮ್ಮೆ ನಾಯಕಿಯ ಜಡೆ ತನ್ನ ನಾದಿನಿಯ ಜಡೆಯಂತಿದೆ ಎಂಬ ಒಂದೇ ಸಿಟ್ಟಿಗೆ ಇಹ್ಸಾನ್ ಎರಡೇ ಅಂಕ ಕೊಟ್ಟಿದ್ದಳು. ಅಂದಿನಿಂದ ಫಿರ್ಯಾಲ್ ಒಂದು ಕಾನೂನು ಮಾಡಿದ್ದರು: ಐದಕ್ಕಿಂತ ಕಡಿಮೆ ಕೊಟ್ಟವಳು ಕಾರಣ ಹೇಳಬೇಕು, ಆ ಕಾರಣವೂ ಕ್ಯಾಲೆಂಡರಿಗೆ ಹತ್ತುತ್ತದೆ.

ಈದ್ ಹಬ್ಬದ ಮೂರನೇ ದಿನ ನಾಲ್ವರೂ ಸೇರಿ ನೋಡಿದ ಸಿನಿಮಾ ಇದು. ರೊಟ್ಟಿ ಅಂಗಡಿಯ ಮುಂದೆ ಸಾಲು. ಸಾಲಿನಲ್ಲಿ ನಾಯಕ, ಅವನ ಮುಂದೆ ಒಬ್ಬ ಬಡಪಾಯಿ. ಫೋನಿನಲ್ಲಿ ಅತ್ತೆ ಒಂದೊಂದು ಮಾತು ಚುಚ್ಚಿದಾಗಲೂ ನಾಯಕ ಆ ಸಿಟ್ಟನ್ನು ಮುಂದಿನವನ ಹಿಂಗತ್ತಿನ ಮೇಲೆ ತೀರಿಸಿಕೊಳ್ಳುತ್ತಾನೆ. ಒಟ್ಟು ಏಳು ಏಟು. ಏಳನೆಯದಕ್ಕೆ ಬಡಪಾಯಿಯ ಕೈಯಲ್ಲಿದ್ದ ರೊಟ್ಟಿ ನೆಲಕ್ಕೆ ಬೀಳುತ್ತದೆ, ದೃಶ್ಯ ಅಲ್ಲಿಗೆ ಮುಗಿಯುತ್ತದೆ.

ಮೊದಲ ಏಟಿಗೆ ಅವಾತೆಫ್ ನಕ್ಕಿದ್ದಳು. ಎರಡನೆಯದಕ್ಕೂ ನಕ್ಕಿದ್ದಳು, ಸದ್ದು ಮಾಡಿ, ತೊಡೆ ತಟ್ಟಿ. ಮೂರನೆಯ ಏಟಿಗೆ ಕ್ಯಾಮೆರಾ ಹತ್ತಿರ ಹೋಯಿತು. ಗೋಡೆಯಷ್ಟು ದೊಡ್ಡ ಕತ್ತು. ಎಡಗಡೆ, ಕೂದಲು ಮುಗಿಯುವಲ್ಲಿ, ಬೇಳೆಕಾಳಿನಷ್ಟು ಜಾಗ ಬೋಳು. ಚಿಕ್ಕಂದಿನಲ್ಲಿ ಎದ್ದ ಕುರುವಿನ ಗುರುತು. ಕೂದಲಿನ ಗೆರೆ ಬಲಕ್ಕಿಂತ ಎಡಕ್ಕೆ ಒಂದಿಷ್ಟು ಇಳಿದಿತ್ತು. ಹಾಗೆ ಸೊಟ್ಟಗೆ ಕತ್ತರಿಸುವವಳು ಇಡೀ ಕೈರೋದಲ್ಲಿ ಒಬ್ಬಳೇ. ಹದಿನೈದು ದಿನಕ್ಕೊಮ್ಮೆ ಅಡುಗೆಮನೆಯ ಸ್ಟೂಲಿನ ಮೇಲೆ ಗಂಡ ಬಯೂಮಿಯನ್ನು ಕೂರಿಸಿ ಕತ್ತರಿ ಹಿಡಿಯುವ ಅವಾತೆಫ್.

ಬಯೂಮಿ ಇಪ್ಪತ್ತಾರು ವರ್ಷದಿಂದ ಎಕ್ಸ್‌ಟ್ರಾ ನಟ. ಒಮ್ಮೆ ಧಾರಾವಾಹಿಯೊಂದರಲ್ಲಿ ಹಳೇ ಕಾಲದ ಸಾಹುಕಾರ ಪಾಷಾ ಆಗಿ, ಕೆಂಪು ಟೊಪ್ಪಿಗೆ ಹಾಕಿ, ಒಂದು ವಾಕ್ಯ ಹೇಳಿದ್ದ. ಆ ಫೋಟೊ ಇವತ್ತಿಗೂ ಇಹ್ಸಾನಳ ಕನ್ನಡಿಯ ಮೂಲೆಯಲ್ಲಿದೆ. ಓಣಿಯಲ್ಲಿ ಎಲ್ಲರೂ ಅವನನ್ನು ಉಸ್ತಾದ್ ಎಂದೇ ಕರೆಯುತ್ತಾರೆ. ಚಳಿಗಾಲದಲ್ಲಿ ಮೂರು ದಿನ ಕೆಲಸಕ್ಕೆ ಹೋಗಿ ಬಂದವನು, "ವಕೀಲನ ಪಾತ್ರ ಕಣೇ, ಕರಿ ಕೋಟು" ಎಂದಿದ್ದ. ಕತ್ತು ಕೆಂಪಗೆ ಊದಿತ್ತು. ಬಸ್ಸಿನಲ್ಲಿ ವಾರೆಯಾಗಿ ನಿದ್ದೆ ಹೋಗಿದ್ದೆ ಎಂದ. ಅವಳು ಎಣ್ಣೆ ಬಿಸಿ ಮಾಡಿ ತಿಕ್ಕಿದ್ದಳು. ಆಮೇಲೆ ಅವನಿಗೆ ಎಡಗಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಮಾತಾಡಿದರೆ ಗೋಡೆಗೆ ಹೇಳಿದ ಹಾಗಾಯಿತಲ್ಲ ಎಂದು ಅವಳು ಎರಡು ತಿಂಗಳು ಅವನ ಮೇಲೆ ಹರಿಹಾಯ್ದಿದ್ದಳು. ಈ ಸಿನಿಮಾ ಬಂದಾಗ, "ಹೊಲಸು ಸಿನಿಮಾವಂತೆ, ಹೋಗಬೇಡ" ಎಂದಿದ್ದ. ಅವಳು ಅವನಿಗೆ ಹೇಳದೆ ಹೋಗಿದ್ದಳು.

"ನನ್ನದು ಹತ್ತು!" ಶುರೂಕ್ ಟವೆಲ್ ಅಗಲಿಸಿ ತೋರಿಸಿದಳು. ಮದುವೆಯಾಗಿ ನಾಲ್ಕು ತಿಂಗಳಾದ ಹುಡುಗಿ, ಅವಳಿಗೆ ಎಲ್ಲದಕ್ಕೂ ಹತ್ತೇ. "ಆ ಏಟಿಗೇ ಏಳು. ಹಾಡಿಗೆ ಮೂರು."

"ನಂದು ಎಂಟು," ಎಂದಳು ಇಹ್ಸಾನ್. "ನಾಯಕಿ ಕೂದಲಿಗೆ ಬಣ್ಣ ಹಾಕಿದವಳನ್ನ ಜೈಲಿಗೆ ಹಾಕ್ಬೇಕು. ಅದಕ್ಕೇ ಎರಡು ಕಟ್."

ಫಿರ್ಯಾಲ್ ಏಳು ಸಿಕ್ಕಿಸಿಕೊಂಡಿದ್ದರು. ಪೆನ್ನಿನ ಮುಚ್ಚಳ ತೆಗೆದು ಅವಾತೆಫಳ ಕಡೆ ತಿರುಗಿದರು. ಅವಳ ಟವೆಲಿನಲ್ಲಿ ಒಂದು ಕ್ಲಿಪ್ಪೂ ಇರಲಿಲ್ಲ.

"ನಿಂದು ಇನ್ನೂ ಆಗಿಲ್ವಾ?"

"ಆಗಿದೆ ಅಬ್ಲಾ. ಸೊನ್ನೆ."

"ಸೊನ್ನೇನಾ!" ಶುರೂಕ್ ಬಾಯಿ ಬಿಟ್ಟಳು. "ಆಂಟೀ, ಆ ಹಾಡಿಗಾದ್ರೂ ಒಂದು ಹಾಕಿ. ಉಸ್ತಾದ್ ಇಲ್ಲದ ಸಿನಿಮಾ ಅಂತ ಅಷ್ಟೊಂದು ಹೊಟ್ಟೆಕಿಚ್ಚಾ?"

"ಕಾರಣ ಹೇಳಮ್ಮ, ಬರ್ಕೋತೀನಿ," ಎಂದರು ಫಿರ್ಯಾಲ್.

ಕಾರಣ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ನಾಳೆ ಬೆಳಿಗ್ಗೆಯಿಂದ ಉಸ್ತಾದ್ ಬಯೂಮಿ ಉಸ್ತಾದ್ ಆಗಿ ಉಳಿಯುವುದಿಲ್ಲ. ಕಾಫಿ ಅಂಗಡಿಯಲ್ಲಿ ಕೂತರೆ ಹಿಂದಿನಿಂದ ಯಾರೋ ತಮಾಷೆಗೆ ಕೈ ಎತ್ತುತ್ತಾರೆ. ಹೇಳದಿದ್ದರೆ, ಕೂತು ಇವರ ನಗು ಕೇಳಬೇಕು. ನಾಲಿಗೆ ಕಚ್ಚಿಕೊಂಡೇ ಬಂದಿದ್ದಳು. ಆದರೆ ಉರುಳಿಬಿದ್ದ ಆ ಪ್ಲಾಸ್ಟಿಕ್ ತಲೆಯನ್ನು ನೋಡಿ ಮೈಯೆಲ್ಲ ಉರಿದುಹೋಯಿತು.

"ಅವನು ನಿಜವಾಗ್ಲೂ ಹೊಡೆದಿದಾನೆ," ಎಂದಳು.

"ಅಯ್ಯೋ ಆಂಟೀ, ಅದು ಸಿನಿಮಾ! ಸದ್ದು ಆಮೇಲೆ ಸೇರಿಸ್ತಾರೆ."

"ಸದ್ದು ಸೇರಿಸ್ತಾರೆ. ಕೆಂಪಾಗಿದ್ದನ್ನೂ ಸೇರಿಸ್ತಾರಾ? ಮೊದಲನೇ ಏಟಿಗೆ ಹೇಗಿತ್ತು ಆ ಕತ್ತು, ಏಳನೇದಕ್ಕೆ ಹೇಗಿತ್ತು, ನೋಡಿದ್ಯಾ? ನೋಡಿರಲ್ಲ ನೀನು, ನಕ್ಕೊಂಡು ಕೂತಿದ್ದೆ."

"ನೀನೂ ನಗ್ತಿದ್ದೆ," ಎಂದಳು ಇಹ್ಸಾನ್. "ನನ್ನ ಪಕ್ಕದಲ್ಲೇ ಕೂತು, ನನ್ನ ತೋಳು ನೀಲಿ ಆಗೋ ಹಾಗೆ ಚಿವುಟಿದೆ."

"ನಕ್ಕೆ. ಅದಕ್ಕೇ ಸೊನ್ನೆ!" ಲೋಟ ಕುಕ್ಕಿದ ರಭಸಕ್ಕೆ ಚಹಾ ಚೆಲ್ಲಿತು. "ನನ್ನನ್ನೂ ಅದಕ್ಕೆ ನಗಿಸಿದ್ರಲ್ಲ, ಅದಕ್ಕೇ!"

ಫಿರ್ಯಾಲ್ ಪೆನ್ನು ಕೆಳಗಿಟ್ಟರು. ಕ್ಲಾಸಿನಲ್ಲಿ ಗಲಾಟೆಯಾದಾಗ ತೆಗೆಯುವ ದನಿ ತೆಗೆದರು. "ನಿಜವಾಗೇ ಹೊಡೆದಿದಾನೆ ಅಂತಲೇ ಇಟ್ಕೋ. ಆ ಮನುಷ್ಯ ಒಪ್ಪಿಯೇ ನಿಂತಿದ್ದು ತಾನೆ? ಯಾರೂ ಕೈಕಾಲು ಕಟ್ಟಿ ನಿಲ್ಲಿಸಿರಲಿಲ್ಲವಲ್ಲ."

"ಒಪ್ಪಿದ್ರೆ ಹೊಡೀಬಹುದಾ ಅಬ್ಲಾ? ನಿಮ್ಮ ಕ್ಲಾಸಲ್ಲಿ ಒಬ್ಬ ಕತ್ತು ಬಗ್ಗಿಸಿ ನಿಂತಿದ್ರೆ ಬಾರಿಸ್ತಿದ್ರಾ, ಮಿಕ್ಕವರು ನಗಲಿ ಅಂತ? ಹೊಡೆದವನ ಮುಖ ಬಸ್ಸಿನ ಮೇಲಿದೆ, ಸೇತುವೆ ಮೇಲಿದೆ, ಚಿಪ್ಸ್ ಪೊಟ್ಟಣದ ಮೇಲೂ ಇದೆ. ಹೊಡೆಸಿಕೊಂಡೋನ ಮುಖ ಒಂದ್ಸಲ ತೋರಿಸಿದ್ರಾ? ನೀವೆಲ್ಲ ಎದ್ದು ಹೊರಟ್ರಿ. ನಾನು ಹೆಸರುಗಳೆಲ್ಲ ಮುಗಿಯೋವರೆಗೂ ಕೂತಿದ್ದೆ. ಚಹಾ ಕೊಟ್ಟವನ ಹೆಸರಿತ್ತು. ನಾಯಿ ತಂದವನ ಹೆಸರಿತ್ತು. ನಾಯಿಯ ಹೆಸರೂ ಇತ್ತು! ಅವನದಿರಲಿಲ್ಲ."

ಶುರೂಕ್ ಪ್ಲಾಸ್ಟಿಕ್ ತಲೆಯ ಮೂಗಿನ ಸಕ್ಕರೆಯನ್ನು ಬೆರಳಿನಿಂದ ಒರೆಸುತ್ತಿದ್ದಳು. "ಆಂಟಿಗೆ ಇವತ್ತು ಏನೋ ಆಗಿದೆ," ಎಂದು ಗೊಣಗಿದಳು.

"ಕಾರಣ ಅಂತ ಏನು ಬರೀಲಿ?" ಫಿರ್ಯಾಲ್ ಕೇಳಿದರು. ಕಾನೂನು ಬಿಡುವ ಹೆಂಗಸಲ್ಲ ಅವರು.

ಅಷ್ಟರಲ್ಲಿ ಹೊರಗೆ ಕೆಮ್ಮಿದ ಸದ್ದಾಯಿತು. "ಯಾ ಸಾತಿರ್!" ಹೆಂಗಸರಿರುವ ಕಡೆ ಬರುವ ಗಂಡಸು ಎಚ್ಚರಿಕೆ ಕೊಡುವ ಮಾತು. ಬಯೂಮಿಯ ದನಿ. ನಾಲ್ವರೂ ತಲೆಯ ಮೇಲೆ ವಸ್ತ್ರ ಎಳೆದುಕೊಂಡರು. ಬಾಗಿಲ ಹತ್ತಿರ ಕೂತಿದ್ದ ಇಹ್ಸಾನ್ ಶಟರ್ ಮೇಲೆತ್ತಿ, ಪರದೆಯನ್ನು ಪಕ್ಕಕ್ಕೆ ಸರಿಸಿ ಕೊಕ್ಕೆಗೆ ಸಿಕ್ಕಿಸಿದಳು.

"ಬನ್ನಿ ಉಸ್ತಾದ್, ಬನ್ನಿ. ಸರಿಯಾದ ಹೊತ್ತಿಗೆ ಬಂದ್ರಿ."

"ಇಲ್ಲಮ್ಮ, ಇಲ್ಲೇ ಸರಿ. ಮನೆ ಬೀಗದ ಕೈ ಬೇಕಿತ್ತು."

ಬಯೂಮಿ ಮೆಟ್ಟಿಲ ಮೇಲೆ ನಿಂತ. ಮರ್ಯಾದಸ್ಥ ಮನುಷ್ಯ, ಹೆಂಗಸರ ಸಲೂನಿನೊಳಗೆ ಕಣ್ಣು ಹಾಯಿಸಬಾರದೆಂದು, ಯಾವಾಗಿನಂತೆ ಬೀದಿಗೆ ಮುಖ ಮಾಡಿ, ಅವರಿಗೆ ಬೆನ್ನು ತಿರುಗಿಸಿ ನಿಂತ. ಸಂಜೆಯ ಬಿಸಿಲು ಓಣಿಯ ತುದಿಯಿಂದ ನೇರ ಬಾಗಿಲಿಗೆ ಹೊಡೆಯುತ್ತಿತ್ತು. ಬಾಗಿಲ ಚೌಕಟ್ಟಿನ ನಡುವೆ ಅವನ ಹೆಗಲು, ಹೆಗಲ ಮೇಲೆ ಕತ್ತು. ಹಬ್ಬಕ್ಕೆಂದು ಅವಾತೆಫ್ ಕತ್ತರಿಸಿದ ಕೂದಲು ಎಡಕ್ಕೆ ಇಳಿದಿತ್ತು. ಅದರ ಕೆಳಗೆ ಬೇಳೆಕಾಳಿನಷ್ಟು ಬೋಳು.

ಅವಾತೆಫ್ ಬೀಗದ ಕೈಗೆಂದು ಚೀಲದೊಳಗೆ ಹಾಕಿದ ಕೈಯನ್ನು ಹೊರಗೆ ತೆಗೆಯುವುದನ್ನೇ ಮರೆತಳು.

ಶುರೂಕ್ ಇನ್ನೂ ನೋಡಿರಲಿಲ್ಲ. ಬಿಸ್ಕತ್ತಿನ ತಟ್ಟೆ ಸರಿಪಡಿಸುತ್ತಾ ಕೇಳಿದಳು: "ಉಸ್ತಾದ್, ನೀವೇ ನ್ಯಾಯ ಹೇಳಿ. ಹಬ್ಬದ ಸಿನಿಮಾದಲ್ಲಿ ರೊಟ್ಟಿ ಸಾಲಲ್ಲಿ ಹೊಡೀತಾನಲ್ಲ, ಅದು ನಿಜವಾದ ಏಟಾ?"

ಬಯೂಮಿ ಬಲಗಿವಿಯನ್ನು ಬಾಗಿಲ ಕಡೆಗೆ ಸ್ವಲ್ಪ ವಾಲಿಸಿದ. ಶುರೂಕ್ ಇನ್ನೊಮ್ಮೆ ಜೋರಾಗಿ ಕೇಳಿದಳು.

"ಓಹ್, ಅದಾ!" ಅವನು ನಕ್ಕ. ಹೆಗಲು ಕುಣಿಯಿತು. "ಎಲ್ಲಾ ಆಟ ಕಣಮ್ಮ. ಕೈ ತಾಗೋದೇ ಇಲ್ಲ, ಹತ್ತಿರ ಬಂದು ಹೋಗುತ್ತೆ ಅಷ್ಟೆ. ಅಷ್ಟು ದೊಡ್ಡ ನಟ, ಯಾರನ್ನಾದ್ರೂ ಯಾಕೆ ನೋಯಿಸ್ತಾನೆ?"

"ಹೇಳ್ಲಿಲ್ವಾ ಆಂಟೀ!" ಎಂದು ಶುರೂಕ್ ಗೆದ್ದವಳಂತೆ ತಲೆಯೆತ್ತಿದಳು. ಎತ್ತಿದವಳು ಬಾಗಿಲ ಕಡೆ ನೋಡಿದಳು. ಬಾಯಿ ಹಾಗೇ ತೆರೆದುಕೊಂಡಿತು.

ಇಹ್ಸಾನ್ ಆಗಲೇ ನೋಡಿದ್ದಳು. ಮೂವತ್ತು ವರ್ಷ ತಲೆಗಳನ್ನೇ ನೋಡಿಕೊಂಡು ಬಂದವಳು, ಒಂದು ಸೊಟ್ಟ ಗೆರೆ ಅವಳ ಕಣ್ಣು ತಪ್ಪುವುದುಂಟೇ? ಅವಳ ಕಣ್ಣು ಆ ಕತ್ತಿನಿಂದ ಅವಾತೆಫಳ ಮುಖಕ್ಕೆ, ಅಲ್ಲಿಂದ ಕನ್ನಡಿಯ ಮೂಲೆಯ ಪಾಷಾನ ಫೋಟೊಕ್ಕೆ ಹೋಗಿ ನಿಂತಿತು. ಅವಾತೆಫ್ ತಲೆಯಾಡಿಸಿದಳು, ಬೇಡ, ಏನೂ ಅನ್ನಬೇಡ ಎನ್ನುವ ಹಾಗೆ. ಆಮೇಲೆ ಎದ್ದು ಅವಸರದಲ್ಲಿ ಬೀಗದ ಕೈ ಹುಡುಕಿದಳು. ಸಿಗಲಿಲ್ಲ. ಇಡೀ ಹಾಲ್ ನೋಡಿ ನಕ್ಕ ಆ ಕತ್ತು ಮೂರೇ ಹೆಜ್ಜೆ ದೂರದಲ್ಲಿ, ಮರ್ಯಾದೆಯಿಂದ, ಅಲ್ಲಾಡದೆ ನಿಂತಿತ್ತು.

"ನಾನೇನು ನೋಡಿಲ್ಲ ಆ ಸಿನಿಮಾ," ಎಂದ ಬಯೂಮಿ ಬೀದಿ ನೋಡುತ್ತಾ. ಆಮೇಲೆ ಏನೋ ಸುಮ್ಮನೆ ಕೇಳುವವನ ಹಾಗೆ ಕೇಳಿದ: "ಆ ಮನುಷ್ಯ, ಏಟು ತಿನ್ನೋನು, ಹೇಗೆ ಮಾಡಿದ್ದ?"

ಫಿರ್ಯಾಲ್ ಕನ್ನಡಕ ಸರಿಮಾಡಿಕೊಂಡು ಆ ಕತ್ತನ್ನು ನೋಡಿದರು.

"ಅಲ್ಲ, ಬಿದ್ದ ರೊಟ್ಟಿ ಎತ್ತಿ ಮುತ್ತಿಟ್ಟು ಹಣೆಗೆ ಒತ್ಕೋತಾನಲ್ಲ. ಅದನ್ನ ಉಳಿಸಿದಾರಾ? ಕತ್ತರಿಸಿ ಹಾಕಿಬಿಟ್ರಾ?"

ಶುರೂಕ್ ಬಾಯಿಗೆ ಟವೆಲಿನ ತುದಿ ಒತ್ತಿಕೊಂಡಳು. ಫಿರ್ಯಾಲ್ ಎದ್ದು ನಿಂತರು. ಶಾಲೆಯ ಇನ್ಸ್‌ಪೆಕ್ಟರ್ ಒಳಗೆ ಬಂದರೂ ಕುರ್ಚಿ ಬಿಡದಿದ್ದ ಟೀಚರ್ ಅವರು. ಬಾಗಿಲ ತನಕ ನಡೆದು ಹೋಗಿ, ಅವನ ಬಲಗಿವಿಗೆ ಕೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಉಳಿಸಿದಾರೆ ಉಸ್ತಾದ್. ಪೂರ್ತಿ ಉಳಿಸಿದಾರೆ. ಅವರು ಬಹಳ ಚೆನ್ನಾಗಿ ಮಾಡಿದಾರೆ. ಹೊಡೆದವನು ಚೆನ್ನಾಗಿ ಮಾಡಿಲ್ಲ."

"ಹಾಗಾ," ಎಂದ ಬಯೂಮಿ. ಕತ್ತು ತುಸು ನೆಟ್ಟಗಾಯಿತು. "ಅದನ್ನ ಯಾರೂ ಹೇಳಿಕೊಟ್ಟಿರಲ್ಲ ನೋಡಿ. ಅವನೇ ಮಾಡಿರ್ತಾನೆ."

ಬೀಗದ ಕೈ ಕೊನೆಗೂ ಸಿಕ್ಕಿತು. ಅವಾತೆಫ್ ಹೋಗಿ ಹಿಂದಿನಿಂದಲೇ ಅವನ ಕೈಗಿಟ್ಟಳು. ಅವಳ ಬೆರಳುಗಳನ್ನು ಒಂದು ಗಳಿಗೆ ಹಿಡಿದು ಬಿಟ್ಟ, ತಿರುಗಲಿಲ್ಲ. "ಬೇಗ ಬಾ, ಅನ್ನಕ್ಕೆ ಇಡ್ತೀನಿ," ಎಂದು ಮೆಟ್ಟಿಲಿಳಿದ. ಥಿಯೇಟರಿನಲ್ಲಿ ಸಂಜೆಯ ಆಟ ಶುರುವಾಗುವ ಹೊತ್ತು. ಇನ್ನು ಇಪ್ಪತ್ತು ನಿಮಿಷಕ್ಕೆ ಅಲ್ಲಿ, ತುಂಬಿದ ಹಾಲ್‌ನಲ್ಲಿ, ಅವನನ್ನು ಮತ್ತೆ ಹೊಡೆಯುತ್ತಾರೆ, ಜನ ಮತ್ತೆ ನಗುತ್ತಾರೆ. ಅದನ್ನು ನಿಲ್ಲಿಸಲು ಅವಳ ಕೈಲಿ ಆಗುವುದಿಲ್ಲ. ಅವಳು ಬಾಗಿಲಿಗೆ ಅಡ್ಡ ನಿಂತಳು, ಎರಡೂ ಕೈಯನ್ನು ಚೌಕಟ್ಟಿಗೆ ಊರಿ, ಬೀದಿಗೆ ಮುಖ ಮಾಡಿ, ಅವನು ಓಣಿಯ ತಿರುವು ದಾಟುವವರೆಗೂ.

ಅವಳ ಹಿಂದೆ ತಗಡಿನ ಡಬ್ಬಿಯಲ್ಲಿ ಟಣ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಮೂವರ ಟವೆಲಿನಿಂದಲೂ ಕ್ಲಿಪ್ಪುಗಳು ಒಂದೊಂದಾಗಿ ಮತ್ತೆ ಡಬ್ಬಿಗೆ ಬೀಳತೊಡಗಿದವು.